ಅಶ್ವಿನಿ ಪೊನ್ನಪ್ಪ: ಜೋಡಿ ಆಟದಲ್ಲಿ ಕಳೆದ ವರ್ಷಗಳು



ಬ್ಯಾಡ್ಮಿಂಟನ್ ಎಂದ ಕೂಡಲೇ ನಮ್ಮ ಆದವಾನಿಯ ಮನೆಗಳಲ್ಲಿ ಸೈನಾ, ಸಿಂಧು ಎಂಬ ಎರಡು ಹೆಸರು ಬಾಯಿಗೆ ಬರುತ್ತವೆ. ನಾವು ನೋಡುವ ಟಿವಿ ತೆಲುಗಿನದು, ಅವರಿಬ್ಬರೂ ಬೆಳೆದದ್ದು ಹೈದರಾಬಾದಿನಲ್ಲಿ, ಹಾಗಾಗಿ ಇದು ಸಹಜವೇ. ಆದರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಿಂಧು ಮೊದಲ ಪದಕ ಗೆದ್ದದ್ದು 2013ರಲ್ಲಿ, ಸೈನಾ ಗೆದ್ದದ್ದು 2015ರಲ್ಲಿ. ಅದಕ್ಕೂ ಮೊದಲು, 2011ರಲ್ಲೇ, ಆ ಪದಕ ತಂದ ಭಾರತದ ಮೊದಲ ಮಹಿಳೆಯರು ಬೇರೆ ಇಬ್ಬರು. ಒಬ್ಬರು ಹೈದರಾಬಾದಿನ ಜ್ವಾಲಾ ಗುಟ್ಟಾ, ಇನ್ನೊಬ್ಬರು ಬೆಂಗಳೂರಿನ ಅಶ್ವಿನಿ ಪೊನ್ನಪ್ಪ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಆಮೇಲೆ ಆಂಧ್ರಕ್ಕೆ ಬಂದ ನಮ್ಮ ಊರಿನವರಿಗೆ ಈ ಜೋಡಿ ಎರಡು ಕಡೆಯಿಂದಲೂ ನೆಂಟರೇ ಸರಿ! ಈ ಸಲ ನಾವು ಬರೆಯುತ್ತಿರುವುದು ಅಶ್ವಿನಿಯವರ ಬಗ್ಗೆ.

ಅಶ್ವಿನಿ ಹುಟ್ಟಿದ್ದು 1989ರ ಸೆಪ್ಟೆಂಬರ್ 18ರಂದು, ಬೆಂಗಳೂರಿನಲ್ಲಿ. ಮನೆತನ ಕೊಡಗಿನದು. ಕೊಡಗು ಎಂದರೆ ಹಾಕಿ, ಅವರ ತಂದೆಯೂ ಹಾಕಿ ಆಟಗಾರರೇ. ಮಗಳು ಮಾತ್ರ ಸ್ಟಿಕ್ ಬಿಟ್ಟು ರ‍್ಯಾಕೆಟ್ ಹಿಡಿದರು. ಬೆಂಗಳೂರಿನಲ್ಲಿ ಆ ಆಟಕ್ಕೆ ಆಗಲೇ ಒಂದು ಇತಿಹಾಸವಿತ್ತು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಿದ್ದರು, 1983ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಕಂಚು ತಂದಿದ್ದರು. ಆದರೆ ಅದೆಲ್ಲ ಸಿಂಗಲ್ಸ್. ಡಬಲ್ಸ್ ಎಂಬುದು ನಮ್ಮ ದೇಶದಲ್ಲಿ ಬಹಳ ಕಾಲ ಎರಡನೇ ಪಂಕ್ತಿಯ ಊಟದಂತೆಯೇ ಇತ್ತು. ಸಿಂಗಲ್ಸ್‌ನಲ್ಲಿ ಮುಂದೆ ಬರಲಾಗದವರು ಆಡುವ ಆಟ ಎಂಬ ಭಾವನೆ ಇತ್ತು.

ಅದು ತಪ್ಪು ಭಾವನೆ ಎನ್ನಲು ಅಂಕಣದ ಅಳತೆ ನೋಡಿದರೆ ಸಾಕು. ಸಿಂಗಲ್ಸ್ ಅಂಕಣದ ಅಗಲ 17 ಅಡಿ, ಡಬಲ್ಸ್‌ಗೆ 20 ಅಡಿ. ಆಡುವವರು ಎರಡರಷ್ಟಾದರೂ ಜಾಗ ಹೆಚ್ಚಾಗುವುದು ಬರೀ ಮೂರು ಅಡಿ. ಸರ್ವ್ ಬೀಳಬೇಕಾದ ಚೌಕವಂತೂ ಹಿಂದಿನಿಂದ ಎರಡೂವರೆ ಅಡಿ ಕಡಿಮೆ. ಖಾಲಿ ಜಾಗ ಇಲ್ಲವೆಂದ ಮೇಲೆ ಶಟಲ್ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬರುತ್ತದೆ. ದಾಳಿ ಮಾಡುವಾಗ ಇಬ್ಬರೂ ಹಿಂದೆ ಮುಂದೆ ನಿಲ್ಲಬೇಕು, ತಡೆಯುವಾಗ ಪಕ್ಕಪಕ್ಕ ಸರಿಯಬೇಕು. ಹೀಗೆ ಜಾಗ ಬದಲಿಸುವಾಗ ಮಾತಾಡಲು ಸಮಯ ಇರುವುದಿಲ್ಲ. ಜ್ವಾಲಾ ಎಡಗೈ ಆಟಗಾರ್ತಿ, ನೆಟ್ ಹತ್ತಿರ ಚುರುಕು. ಅಶ್ವಿನಿಯ ಬಲ ಹಿಂದಿನಿಂದ ಹೊಡೆಯುವ ಸ್ಮ್ಯಾಶ್. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು.

2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಸಿರಿ ಫೋರ್ಟ್ ಒಳಾಂಗಣದಲ್ಲಿ ಜ್ವಾಲಾ ಮತ್ತು ಅಶ್ವಿನಿ ಸಿಂಗಪುರದ ಶಿಂತಾ ಮುಲಿಯಾ ಸಾರಿ, ಯಾವೋ ಲೇ ಜೋಡಿಯನ್ನು ನೇರ ಗೇಮ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದರು. ಮಹಿಳಾ ಡಬಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಕಾಮನ್‌ವೆಲ್ತ್ ಚಿನ್ನ. ಅದು ಆ ಕೂಟದಲ್ಲಿ ಭಾರತದ 37ನೇ ಚಿನ್ನ. ಸ್ವಲ್ಪ ಹೊತ್ತಿನಲ್ಲೇ ಸೈನಾ ಗೆದ್ದದ್ದು 38ನೆಯದು. ಅದರಿಂದ ಭಾರತ ಇಂಗ್ಲೆಂಡನ್ನು ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಏರಿತು. ಎಲ್ಲರ ನೆನಪಿನಲ್ಲಿ ಉಳಿದದ್ದು 38ನೆಯದು. 37 ಇಲ್ಲದೆ 38 ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಇಂಡೋನೇಷ್ಯಾದ ವೀಟಾ ಮರಿಸ್ಸಾ, ನಾದಿಯಾ ಮೆಲಾಟಿ ಎದುರು ಮೊದಲ ಗೇಮ್ ಕೈಬಿಟ್ಟಿತು. ಮುಂದಿನ ಎರಡನ್ನೂ ಗೆದ್ದು ಸೆಮಿಫೈನಲ್ ತಲುಪಿದರು. ಅಲ್ಲಿ ಚೀನಾದ ತಿಯಾನ್ ಚಿಂಗ್, ಝಾವೋ ಯುನ್‌ಲೇ ಎದುರು ಸೋಲಾಯಿತು. ಆದರೂ ಕಂಚು ಕೈಗೆ ಬಂತು. ಪ್ರಕಾಶ್ ಅವರ ಕಂಚಿನ ನಂತರ 28 ವರ್ಷ ಭಾರತಕ್ಕೆ ಆ ಕೂಟದಲ್ಲಿ ಯಾವ ಪದಕವೂ ಬಂದಿರಲಿಲ್ಲ. ಆ ಬರ ನೀಗಿದ್ದು ಡಬಲ್ಸ್‌ನಿಂದ ಎಂಬುದನ್ನು ನಾವು ಗಟ್ಟಿಯಾಗಿ ಹೇಳಬೇಕು. ಅಶ್ವಿನಿಗೆ ಅರ್ಜುನ ಪ್ರಶಸ್ತಿ ಬಂದದ್ದು 2012ರಲ್ಲಿ.

ಅದೇ 2012ರ ಲಂಡನ್ ಒಲಿಂಪಿಕ್ಸ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಲಿಂಪಿಕ್ಸ್ ಮಹಿಳಾ ಡಬಲ್ಸ್‌ನಲ್ಲಿ ಆಡಿದ ಭಾರತದ ಮೊದಲ ಜೋಡಿ ಇವರೇ. ಆ ವರ್ಷ ಮೊದಲ ಸಲ ಗುಂಪು ಹಂತ ತಂದಿದ್ದರು. ನಾಲ್ಕು ಜೋಡಿಗಳ ಒಂದು ಗುಂಪು, ಮೊದಲ ಎರಡು ಜೋಡಿಗಳಿಗೆ ಕ್ವಾರ್ಟರ್ ಫೈನಲ್. ನಮ್ಮವರು ಜಪಾನ್ ಎದುರು ಸೋತರು, ಚೈನೀಸ್ ತೈಪೆಯ ಬಲವಾದ ಜೋಡಿಯನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿದರು, ಸಿಂಗಪುರವನ್ನೂ ಸೋಲಿಸಿದರು. ಅತ್ತ ಜಪಾನ್ ಜೋಡಿ ತೈಪೆಗೆ ಸೋತಿತು. ಮೂರು ಜೋಡಿಗಳಿಗೆ ತಲಾ ಎರಡು ಗೆಲುವು! ಆಗ ಗೇಮ್‌ಗಳ ಲೆಕ್ಕ ನೋಡಿದರು, ಆಮೇಲೆ ಪಾಯಿಂಟ್‌ಗಳ ಲೆಕ್ಕ ನೋಡಿದರು. ಕೊನೆಗೆ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಜ್ವಾಲಾ ಮತ್ತು ಅಶ್ವಿನಿ ಹೊರಬಿದ್ದರು. ಜಪಾನ್ ಮತ್ತು ತೈಪೆ ಪಂದ್ಯದ ಬಗ್ಗೆ ಭಾರತ ತಂಡ ದೂರು ಕೊಟ್ಟಿತು, ಅದನ್ನು ತಳ್ಳಿಹಾಕಿದರು.

ವಿಚಿತ್ರವೆಂದರೆ ಅದೇ ದಿನಗಳಲ್ಲಿ ಬೇರೆ ಗುಂಪುಗಳಲ್ಲಿ ನಾಲ್ಕು ಜೋಡಿಗಳು, ಚೀನಾದ ಒಂದು, ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು, ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಆಡಿದವು. ಶಟಲ್ಲನ್ನು ನೆಟ್‌ಗೆ ಹೊಡೆಯುವುದು, ಸರ್ವನ್ನು ಹೊರಗೆ ಹಾಕುವುದು. ನೋಡಲು ಬಂದ ಜನ ಕೂಗಿ ಛೀಮಾರಿ ಹಾಕಿದರು. ಆಗಸ್ಟ್ 1ರಂದು ಎಂಟು ಆಟಗಾರ್ತಿಯರನ್ನೂ ಕೂಟದಿಂದ ಹೊರಹಾಕಲಾಯಿತು. ಖಾಲಿಯಾದ ಸ್ಥಾನಗಳು ಆಯಾ ಗುಂಪಿನ ಇತರ ಜೋಡಿಗಳಿಗೇ ಹೋದವು, ಹಾಗಾಗಿ ನಮ್ಮವರಿಗೆ ಏನೂ ಸಿಗಲಿಲ್ಲ. ಚಿನ್ನ ಗೆದ್ದದ್ದು ಹಿಂದಿನ ವರ್ಷ ಇವರನ್ನು ಸೋಲಿಸಿದ್ದ ಅದೇ ತಿಯಾನ್ ಚಿಂಗ್, ಝಾವೋ ಯುನ್‌ಲೇ. ಅಂದು ಹೊರಹಾಕಿಸಿಕೊಂಡ ಎಂಟು ಮಂದಿಯಲ್ಲಿ ಇಂಡೋನೇಷ್ಯಾದ ಗ್ರೇಸಿಯಾ ಪೊಲೀ ಒಬ್ಬರು. ಅವರು ಒಂಬತ್ತು ವರ್ಷ ಬಿಡದೆ ಆಡಿ 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದರು. ಅದು ಇನ್ನೊಂದು ಲೇಖನಕ್ಕಾಗುವಷ್ಟು ದೊಡ್ಡ ಕಥೆ, ಇಲ್ಲಿಗೆ ಬಿಡೋಣ.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, ಅದೇ ವರ್ಷ ದೆಹಲಿಯಲ್ಲಿ ಊಬರ್ ಕಪ್ ಕಂಚು, 2015ರಲ್ಲಿ ಕೆನಡಾ ಓಪನ್ ಪ್ರಶಸ್ತಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೂರೂ ಪಂದ್ಯ ಸೋತರು. ಜ್ವಾಲಾ ಜೊತೆಗಿನ ಆಟ ಅಲ್ಲಿಗೆ ಮುಗಿಯಿತು.

ಡಬಲ್ಸ್ ಆಟಗಾರರ ನಿಜವಾದ ಕಷ್ಟ ಇಲ್ಲಿದೆ. ವಿಶ್ವ ರ‍್ಯಾಂಕಿಂಗ್ ಒಬ್ಬ ಆಟಗಾರನದಲ್ಲ, ಜೋಡಿಯದು. ಸಿಂಧು ಕೋಚ್ ಬದಲಿಸಿದರೂ ಅವರ ರ‍್ಯಾಂಕಿಂಗ್ ಅವರ ಜೊತೆಗೇ ಇರುತ್ತದೆ. ಅಶ್ವಿನಿ ಜೊತೆಗಾರ್ತಿಯನ್ನು ಬದಲಿಸಿದ ದಿನ ಹೊಸ ಜೋಡಿಯ ಪಾಯಿಂಟ್ ಸೊನ್ನೆ. ವಿಶ್ವ ಕಂಚು ಗೆದ್ದವರು ಮತ್ತೆ ಸಣ್ಣ ಕೂಟಗಳಿಂದ ಹತ್ತಬೇಕು. ಹೀಗೆ ಹತ್ತುವ ಕೆಲಸವನ್ನು ಅವರು ಒಂದಲ್ಲ, ಹಲವು ಸಲ ಮಾಡಿದ್ದಾರೆ.

ಸಿಕ್ಕಿ ರೆಡ್ಡಿ ಜೊತೆ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಕಂಚು ಬಂತು. ಅದೇ ಕೂಟದ ಮಿಶ್ರ ತಂಡ ವಿಭಾಗದಲ್ಲಿ ಭಾರತ ಮಲೇಷ್ಯಾವನ್ನು 3-1ರಿಂದ ಸೋಲಿಸಿ ಮೊದಲ ಸಲ ಚಿನ್ನ ಗೆದ್ದಿತು. ಫೈನಲ್‌ನ ಮೊದಲ ಪಂದ್ಯ ಆಡಿದ್ದು ಅಶ್ವಿನಿ ಮತ್ತು ನಮ್ಮ ಆಂಧ್ರದ ಅಮಲಾಪುರದ ಹುಡುಗ ಸಾತ್ವಿಕ್ ಸಾಯಿರಾಜ್. ಒಲಿಂಪಿಕ್ಸ್ ಬೆಳ್ಳಿ ಗೆದ್ದಿದ್ದ ಚಾನ್ ಪೆಂಗ್ ಸೂನ್, ಗೋ ಲಿಯು ಯಿಂಗ್ ಜೋಡಿಯನ್ನು ಇವರು ಮೂರು ಗೇಮ್‌ಗಳಲ್ಲಿ ಮಣಿಸಿದರು. ಸಾತ್ವಿಕ್ ಮುಂದೆ ಚಿರಾಗ್ ಶೆಟ್ಟಿ ಜೊತೆ ವಿಶ್ವದ ನಂಬರ್ ಒನ್ ಆದರು. ಇಂದು ಭಾರತದಲ್ಲಿ ಡಬಲ್ಸ್‌ಗೆ ಬೆಲೆ ಬಂದಿದ್ದರೆ ಅದಕ್ಕೆ ದಾರಿ ಮಾಡಿದವರಲ್ಲಿ ಜ್ವಾಲಾ, ಅಶ್ವಿನಿ ಮೊದಲಿಗರು ಎಂಬುದು ನಮ್ಮ ಅಭಿಪ್ರಾಯ.

ಆಮೇಲೆ ಜೊತೆಯಾದವರು ತನಿಷಾ ಕ್ರಾಸ್ಟೊ. ಗೋವಾ ಮೂಲದ ಮನೆತನ, ಹುಟ್ಟಿದ್ದು ದುಬೈನಲ್ಲಿ, 2003ರಲ್ಲಿ. ಅಶ್ವಿನಿಗಿಂತ ಸುಮಾರು 14 ವರ್ಷ ಚಿಕ್ಕವರು. ನಮ್ಮ ಯುವ ಸಂಘದಲ್ಲಾದರೆ 'ಅಕ್ಕ' ಎಂದು ಕರೆಯುವ ಅಂತರ. 2023ರಲ್ಲಿ ಅಬುಧಾಬಿ ಮತ್ತು ಗುವಾಹಾಟಿ ಮಾಸ್ಟರ್ಸ್ ಗೆದ್ದು, ಭಾರತದ ಬೇರೆ ಜೋಡಿಗಳನ್ನು ಹಿಂದಿಕ್ಕಿ ಪ್ಯಾರಿಸ್‌ಗೆ ಅರ್ಹತೆ ಪಡೆದರು. ಅಲ್ಲಿ ಮೂರೂ ಪಂದ್ಯ ಸೋಲು. ಕೊನೆಯದು ಆಸ್ಟ್ರೇಲಿಯಾದ ಸೆತ್ಯಾನಾ ಮಪಾಸಾ ಮತ್ತು ಅವರ ಜೊತೆಗಾರ್ತಿಯ ಎದುರು. 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಕಂಚಿಗಾಗಿ ಅಶ್ವಿನಿ ಸೋಲಿಸಿದ್ದು ಇದೇ ಮಪಾಸಾ ಅವರ ಜೋಡಿಯನ್ನು. ಪಂದ್ಯ ಮುಗಿದ ಮೇಲೆ, ಇದು ತನ್ನ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಕಣ್ಣೀರಿಟ್ಟು ಹೇಳಿದರು.

ಅದಾಗಿ ಎರಡು ವಾರದೊಳಗೆ, ಅವರ ತರಬೇತಿಗೆ ಒಂದೂವರೆ ಕೋಟಿ ಖರ್ಚಾಗಿದೆ ಎಂಬ ಸರ್ಕಾರಿ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಆ ಹಣ ತನಗೊಬ್ಬಳಿಗೆ ಸಿಕ್ಕಿದ್ದಲ್ಲ, ಕೋಚ್ ಬೇಕೆಂದು ಕೇಳಿದ್ದನ್ನೂ ಒಪ್ಪಲಿಲ್ಲ ಎಂದು ಅಶ್ವಿನಿ ಬಹಿರಂಗವಾಗಿ ಉತ್ತರಿಸಿದರು. ಇಡೀ ತಂಡದ ಶಿಬಿರ, ಪ್ರಯಾಣದ ಖರ್ಚನ್ನು ಒಬ್ಬೊಬ್ಬರ ಹೆಸರಿಗೆ ಬರೆದರೆ ಓದುವವರಿಗೆ ಅದು ಕೈಗೆ ಕೊಟ್ಟ ಹಣದಂತೆ ಕಾಣುತ್ತದೆ. ಸೋತ ಹೊತ್ತಿನಲ್ಲಿ ಅಂಥ ಲೆಕ್ಕ ಹೊರಬಂದದ್ದು ನಮಗಂತೂ ಸರಿ ಕಾಣಲಿಲ್ಲ.

ಅಲ್ಲಿಗೆ ರ‍್ಯಾಕೆಟ್ ಕೆಳಗಿಡುತ್ತಾರೆ ಎಂದುಕೊಂಡವರು ಬಹಳ ಜನ. 2024ರ ಡಿಸೆಂಬರ್‌ನಲ್ಲಿ, 35ನೇ ವಯಸ್ಸಿನಲ್ಲಿ, ಅಶ್ವಿನಿ ಮತ್ತು ತನಿಷಾ ಮತ್ತೆ ಗುವಾಹಾಟಿಗೆ ಹೋದರು. ಫೈನಲ್‌ನಲ್ಲಿ ಚೀನಾದ ಜೋಡಿಯನ್ನು ನೇರ ಗೇಮ್‌ಗಳಲ್ಲಿ ಸೋಲಿಸಿ ಹಿಂದಿನ ವರ್ಷದ ಪ್ರಶಸ್ತಿಯನ್ನು ಉಳಿಸಿಕೊಂಡರು.