ಅಮ್ಮನ ಕಣ್ಣಿಗೆ ಹಿಡಿದ ಅಕ್ಷರ

ಕುಂದಲಹಳ್ಳಿಯ ಮೆಟ್ರೋ ನಿಲ್ದಾಣ 2023ರ ಮಾರ್ಚಿನಲ್ಲಿ ತೆರೆಯಿತು. ಅದನ್ನು ನೋಡಬೇಕೆಂದು ಅಮ್ಮ ಹಟ ಹಿಡಿದಳು. ಫಲಕದ ಮುಂದೆ ನಿಂತು ಊರ ಹೆಸರನ್ನು ಕೂಡಿಸಿಕೂಡಿಸಿ ಓದಿ, "ಅಕ್ಷರ ದೊಡ್ಡದಾಗಿದೆ ಕಣೆ, ಆದರೆ ಎಲ್ಲ ಒಂದೇ ದಪ್ಪ. ನಮ್ಮ ಕಾಲದ ಪುಸ್ತಕದ ಅಕ್ಷರಕ್ಕೆ ಒಂದು ಮೈಕಟ್ಟಿತ್ತು" ಎಂದಳು.

ಅಕ್ಷರಕ್ಕೂ ಮೈಕಟ್ಟೇ? ಉಂಟು. 1470ರಲ್ಲಿ ವೆನಿಸ್ಸಿನ ನಿಕೋಲಾ ಜೆನ್ಸನ್ ಅಚ್ಚಿನ ಮೊಳೆಗಳನ್ನು ಮಾಡಿದಾಗ ಲಿಪಿಕಾರರ ಲೇಖನಿಯನ್ನೇ ಅನುಸರಿಸಿದ. ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು. ಕೊನೆಯಲ್ಲಿ ಪುಟ್ಟ ಪಾದ. ಆ ಪಾದಕ್ಕೆ ಸೆರಿಫ್ ಎಂದು ಹೆಸರು. ಮುಂದಿನ ಶತಮಾನದಲ್ಲಿ ಪ್ಯಾರಿಸ್ಸಿನ ಕ್ಲಾಡ್ ಗ್ಯಾರಮಂಡ್ ಅದಕ್ಕೆ ಇನ್ನಷ್ಟು ಸೊಬಗು ತಂದ. ರಾಬರ್ಟ್ ಸ್ಲಿಂಬಾಕ್ ಎಂಬಾತ ಆಂಟ್‌ವರ್ಪಿನ ಸಂಗ್ರಹಾಲಯದ ಹಳೆಯ ಅಚ್ಚುಗಳನ್ನು ಅಭ್ಯಾಸ ಮಾಡಿ, 1989ರಲ್ಲಿ ಅದೇ ಅಕ್ಷರವನ್ನು ಗಣಕಯಂತ್ರಕ್ಕೆ ಇಳಿಸಿದ.

ನಮ್ಮ ಕನ್ನಡಕ್ಕೆ ಪಾದವಿಲ್ಲ, ತಲೆಕಟ್ಟಿದೆ. ಕಂಠದಿಂದ ಓಲೆಗರಿಯ ಮೇಲೆ ಕೊರೆದ ಕೈಗಳು ಅದನ್ನು ದುಂಡಗೆ ಬೆಳೆಸಿದವು. 1843ರಲ್ಲಿ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. 1894ರಲ್ಲಿ ಕಿಟೆಲ್ ಅವರ ನಿಘಂಟು ಮೊಳೆಗಳಲ್ಲಿ ಅಚ್ಚಾಯಿತು. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಬೇರೆಬೇರೆ ಮೊಳೆ ಬೇಕು. ಜೋಡಿಸುವವರ ತಾಳ್ಮೆಗೆ ಕೈಮುಗಿಯಬೇಕು.

ಗಣಕಯಂತ್ರ ಬಂದಾಗ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಆ ಕಷ್ಟಕ್ಕೆ ದಾರಿ ಕಂಡರು. ನುಡಿಯುವ ಕ್ರಮದಲ್ಲೇ ಕೀಲಿ ಒತ್ತಿದರೆ ಯಂತ್ರವೇ ಒತ್ತಕ್ಷರ ಕೂಡಿಸುತ್ತದೆ. ತಮ್ಮ ತಂತ್ರಾಂಶಕ್ಕೆ ಅವರು 'ಸೇಡಿಯಾಪು' ಎಂದು ವಿದ್ವಾಂಸರೊಬ್ಬರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು.

ಆದರೂ ಒಂದು ತೊಡಕಿತ್ತು. ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಸಂಕೇತ. 1999ರಲ್ಲಿ ನಮ್ಮ ಶಾಲೆಯ ಸಂಚಿಕೆಯನ್ನು ಒಂದು ಕಡೆ ಬೆರಳಚ್ಚು ಮಾಡಿಸಿ, ಇನ್ನೊಂದು ಕಡೆ ಅಚ್ಚಿಗೆ ಕೊಟ್ಟೆ. ಅರ್ಕಾವತ್ತುಗಳೆಲ್ಲ ಮಾಯ! ಪೂರ್ಣಿಮಾ ಎಂಬ ಹುಡುಗಿ 'ಪೂಣಿಮಾ' ಆಗಿದ್ದಳು. ಮೊದಲ ಬಾರಿಗೆ ಅವಳ ಕವನ ಅಚ್ಚಾಗಿತ್ತು. "ಇದು ನಾನಲ್ಲ ಮಿಸ್" ಎಂದು ಅತ್ತಳು. ಕರಡು ತಿದ್ದದೆ ಬಿಟ್ಟವಳು ನಾನೇ. ಇನ್ನೂರು ಪ್ರತಿಗಳಲ್ಲೂ ಆ ಅರ್ಕಾವತ್ತನ್ನು ಪೆನ್ನಿನಿಂದ ಬರೆದೆ.

ಎಲ್ಲರಿಗೂ ಒಂದೇ ಸಂಕೇತವಿರಲೆಂದು ಹೊರಟ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಅದು ನಮ್ಮಂಥವರ ಮೇಜಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ನಿಲ್ದಾಣದಿಂದ ಬಂದ ವಾರವೇ ಅಮ್ಮನ ಸೋಬಾನೆ ಪದಗಳ ಪುಸ್ತಕವನ್ನು ಬೆರಳಚ್ಚು ಮಾಡಲು ಕುಳಿತೆ. ಅವಳೇ ಬರೆದಿಟ್ಟದ್ದು, ಹಾಳೆ ಮುಟ್ಟಿದರೆ ಮುರಿಯುತ್ತಿತ್ತು. ಮೊದಲು ತೆಳು ಅಕ್ಷರದಲ್ಲಿ ಅಚ್ಚು ಹಾಕಿಸಿದೆ. "ಕಣ್ಣಿಗೆ ಹಿಡಿಯೋಲ್ಲ" ಎಂದು ಪಕ್ಕಕ್ಕಿಟ್ಟಳು. ಪಕ್ಕದ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ದುಡ್ಡಿಲ್ಲದೆ ಸಿಗುವ 'ನೋಟೊ ಸೆರಿಫ್ ಕನ್ನಡ'ವನ್ನು ತೋರಿಸಿದಳು. ದಪ್ಪ, ತೆಳು ಎರಡೂ ಇದ್ದ ಗೆರೆ. ಹದಿನೆಂಟರ ಅಳತೆಯಲ್ಲಿ ಅಚ್ಚು ಹಾಕಿದೆವು.

ಅಮ್ಮ ಕನ್ನಡಕ ಒರೆಸಿಕೊಂಡು ಸಾಲಿನ ಕೆಳಗೆ ಬೆರಳಿಟ್ಟಳು. ಓದುತ್ತ ಓದುತ್ತ ಅದು ಹಾಡೇ ಆಯಿತು. ಮೂರನೆಯ ಪದದಲ್ಲಿ ಥಟ್ಟನೆ ನಿಂತು, "ಇಲ್ಲೊಂದು ಅರ್ಕಾವತ್ತು ಬಿಟ್ಟಿದ್ದೀಯ" ಎಂದಳು.

ಈ ಸಲ ತಪ್ಪು ಯಂತ್ರದ್ದಲ್ಲ. ಕೂಡಲೇ ತಿದ್ದಿದೆ.