ಹೆಣ್ಣಿನ ಸುಖದ ಮಾತು ಈ ನೆಲಕ್ಕೆ ಹೊಸದಲ್ಲ

ನಮ್ಮ ನರೇಗಲ್ ಸಮೀಪದ ಸೂಡಿಯ ಶಾಸನಗಳಲ್ಲಿ ಅಕ್ಕಾದೇವಿಯ ಹೆಸರಿದೆ. ನಾಡನ್ನೇ ಆಳಿದ ಈಕೆ ಚಾಲುಕ್ಯ ದೊರೆ ಎರಡನೇ ಜಯಸಿಂಹನ ಸಹೋದರಿ. ಅದೇ ಜಯಸಿಂಹನ ಕಾಲದಲ್ಲಿ, ಸಾವಿರ ವರ್ಷದ ಹಿಂದೆ, ಚಂದ್ರರಾಜ ಕನ್ನಡದಲ್ಲೇ ‘ಮದನತಿಲಕ’ ಎಂಬ ಕಾಮಶಾಸ್ತ್ರ ಬರೆದ. 15ನೇ ಶತಮಾನದ ಕಲ್ಲರಸನ ‘ಜನವಶ್ಯ’ವಂತೂ ಹೆಂಡತಿಯೊಂದಿಗಿನ ಮಾತುಕತೆಯ ರೂಪದಲ್ಲಿದೆ.

ಸುಖದ ಸಾಧನಗಳೂ ಹಳೆಯವೇ. ಚಿನ್ನ, ಬೆಳ್ಳಿ, ದಂತ, ಮರದಲ್ಲಿ ಮಾಡಿದವನ್ನು ವಾತ್ಸ್ಯಾಯನ ಕಾಮಸೂತ್ರದ ಕೊನೆಯ ಭಾಗದಲ್ಲಿ ಹೇಳುತ್ತಾನೆ. ಅವು ಹೆಚ್ಚಾಗಿ ಗಂಡಸು ತೊಡುವಂಥವು.

ಆಮೇಲೆ ಬ್ರಿಟಿಷರ 1860ರ ದಂಡಸಂಹಿತೆ ಬಂತು. ಅದರ 292ನೇ ಕಲಮು ‘ಅಶ್ಲೀಲ’ ವಸ್ತುಗಳ ಮಾರಾಟವನ್ನು ಅಪರಾಧ ಮಾಡಿತು. ಇಂದಿನ ನ್ಯಾಯಸಂಹಿತೆಯಲ್ಲೂ ಅದು 294ನೇ ಕಲಮಾಗಿ ಉಳಿದಿದೆ.

ಗಾಳಿಯ ಒತ್ತಡದಿಂದ ಹೀರುವ ಸಾಧನ 2014ರಲ್ಲಿ ಜರ್ಮನಿಯಿಂದ ಮಾರುಕಟ್ಟೆಗೆ ಬಂತು. ಇದು ಹೆಣ್ಣಿನ ಸುಖಕ್ಕೆಂದೇ ಮಾಡಿದ್ದು. ಈಗ ಕೊರಿಯರ್‌ನಲ್ಲಿ ಹಳ್ಳಿಗೂ ಬರುತ್ತದೆ, ಆದರೆ ಬಳಸುವುದು ಹೇಗೆಂದು ಕೇಳಲು ಯಾರೂ ಸಿಗುವುದಿಲ್ಲ. ಅದಕ್ಕೇ ನಾವು ಬರೆಯುತ್ತಿದ್ದೇವೆ.

ಸಾಧನದ ಬಾಯಿಯನ್ನು ಭಗಾಂಕುರದ ಸುತ್ತ ಹಗುರವಾಗಿ ಕೂರಿಸಿ, ಒತ್ತಬೇಡಿ. ನೀರು ಬೆರೆತ ಜೆಲ್ ಸವರಿದರೆ ಅಂಚು ಚೆನ್ನಾಗಿ ಕೂರುತ್ತದೆ. ಎಲ್ಲಕ್ಕಿಂತ ಕಡಿಮೆ ವೇಗದಿಂದ ಶುರುಮಾಡಿ, ಅವಸರ ಬೇಡ. ಜೋರು ಮಾಡಿದಷ್ಟೂ ಸುಖ ಹೆಚ್ಚುವುದಿಲ್ಲ, ಜಾಗ ಮರಗಟ್ಟುತ್ತದೆ. ನೋವಾದರೆ ನಿಲ್ಲಿಸಿ. ಬಳಸಿದ ಮೇಲೆ ತೊಳೆದು ಒಣಗಿಸಿ, ಬೇರೆಯವರಿಗೆ ಕೊಡಬೇಡಿ. ನೋವು ಉಳಿದರೆ, ರಕ್ತ ಬಂದರೆ ವೈದ್ಯರ ಬಳಿ ಹೋಗಿ.

ಗಂಡ-ಹೆಂಡತಿ ಮಾತಾಡಿಕೊಳ್ಳಲಿ ಎಂದು ಕಲ್ಲರಸ ಬರೆದು ತೋರಿಸಿ 500 ವರ್ಷ ದಾಟಿತು. ನಾವಿನ್ನೂ ನಾಚಿಕೊಂಡು ಕೂತಿದ್ದೇವೆ.