ಹಾರ್ಟಿನ ತೂತು, ಮನೆಯ ಭಾರ

ಮಗು ಹಾಲು ಕುಡಿಯುವಾಗ ಹಣೆ ಬೆವರುತ್ತದೆ. ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತದೆ. ತೂಕ ಏರುವುದಿಲ್ಲ. ಮೇಲಿಂದ ಮೇಲೆ ಕಫ, ಜ್ವರ. ಕೆಲವು ಮಕ್ಕಳಿಗೆ ಅತ್ತರೆ ತುಟಿ, ಉಗುರು ನೀಲಿಯಾಗುತ್ತದೆ.

ಹಿಂದೆ ನಮ್ಮ ಕಡೆ ಇಂಥ ಮಗುವನ್ನು ನೋಡಿ ದೃಷ್ಟಿಯಾಗಿದೆ ಎನ್ನುತ್ತಿದ್ದರು, ಬಾಲಗ್ರಹ ಎನ್ನುತ್ತಿದ್ದರು. ತಾಯತ ಕಟ್ಟಿಸುತ್ತಿದ್ದರು, ದೇವರಿಗೆ ಮುಡಿಪು ಕಟ್ಟುತ್ತಿದ್ದರು. ಈಗ ಸಾಸಲು ಹೋಬಳಿಯ ಯಾವ ಹಳ್ಳಿಗೆ ಹೋದರೂ ‘ಹಾರ್ಟಲ್ಲಿ ಹೋಲ್ ಐತಂತೆ’ ಎಂಬ ಮಾತು ಜನರ ಬಾಯಲ್ಲಿದೆ. ಈ ಎರಡು ಮಾತುಗಳ ನಡುವೆ ಎಪ್ಪತ್ತು ವರ್ಷದ ಚರಿತ್ರೆಯಿದೆ.

ಆ ಚರಿತ್ರೆಯನ್ನು ಸಾಮಾನ್ಯವಾಗಿ ಡಾಕ್ಟರುಗಳ, ಯಂತ್ರಗಳ ಕಥೆಯಾಗಿ ಬರೆಯುತ್ತಾರೆ. ನಾವು ಅದನ್ನು ಆಪರೇಷನ್ ಕೋಣೆಯ ಹೊರಗಿನ ಬೆಂಚಿನಿಂದ ನೋಡೋಣ. ಅಲ್ಲಿ ಕೂತ ಅಪ್ಪ ಅಮ್ಮ ಎಷ್ಟು ಭಾರ ಹೊತ್ತರು, ಆ ಭಾರಕ್ಕೆ ಹೆಗಲು ಕೊಡಲು ಯಾರು ಬಂದರು, ಯಾವಾಗ ಬಂದರು ಎಂದು ಕೇಳೋಣ.

ಅಪ್ಪನೇ ಯಂತ್ರವಾದ ದಿನ

ಹೃದಯದ ಒಳಗಿನ ತೂತನ್ನು ಹೊಲಿಯಬೇಕಾದರೆ ಹೃದಯವನ್ನು ತೆರೆಯಬೇಕು. ತೆರೆದಾಗ ಮೈಗೆ ರಕ್ತ ಹರಿಯುವುದು ನಿಲ್ಲುತ್ತದೆ. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡುತ್ತದೆ. ಹಾಗಾಗಿ ಹೊಲಿಗೆ ಮುಗಿಯುವ ತನಕ ಮಗುವಿನ ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಬೇರೆ ಏನಾದರೂ ಮಾಡಬೇಕು. 1950ರ ದಶಕದ ಆರಂಭದಲ್ಲಿ ಅದಕ್ಕೆ ನಂಬಿಕೆಯ ಯಂತ್ರ ಇರಲಿಲ್ಲ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡಾ. ವಾಲ್ಟನ್ ಲಿಲ್ಲೆಹೈ 1954ರ ಮಾರ್ಚ್ 26ರಂದು ಒಂದು ದಾರಿ ಹಿಡಿದರು. ಹದಿಮೂರು ತಿಂಗಳ ಮಗುವನ್ನು ಒಂದು ಮೇಜಿನ ಮೇಲೆ, ಅದರ ತಂದೆಯನ್ನು ಪಕ್ಕದ ಮೇಜಿನ ಮೇಲೆ ಮಲಗಿಸಿದರು. ಇಬ್ಬರ ರಕ್ತನಾಳಗಳನ್ನು ಕೊಳವೆಯಿಂದ ಜೋಡಿಸಿದರು. ಮಗುವಿನ ಹೃದಯ ತೆರೆದಿದ್ದಷ್ಟು ಹೊತ್ತು ಅಪ್ಪನ ಹೃದಯವೇ ಇಬ್ಬರಿಗೂ ಬಡಿಯಿತು, ಅಪ್ಪನ ಉಸಿರೇ ಇಬ್ಬರಿಗೂ ಆಯಿತು. ತೂತು ಮುಚ್ಚಿತು. ಆದರೆ ಹನ್ನೊಂದು ದಿನದ ನಂತರ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು.

ಆ ಆಸ್ಪತ್ರೆಯಲ್ಲಿ ಮುಂದಿನ ವರ್ಷದವರೆಗೆ ಇದೇ ವಿಧಾನದಲ್ಲಿ 45 ಆಪರೇಷನ್ ನಡೆದವು. 28 ಮಂದಿ ಬದುಕಿ ಮನೆಗೆ ಹೋದರು. ರಕ್ತ ಕೊಟ್ಟು ಪಕ್ಕದ ಮೇಜಿನ ಮೇಲೆ ಮಲಗಿದವರಲ್ಲಿ ಹೆಚ್ಚಿನವರು ಹೆತ್ತವರೇ. ಒಂದೇ ಕೋಣೆಯಲ್ಲಿ ಎರಡು ಜೀವ ಪಣಕ್ಕಿದ್ದವು. 1955ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಡಾ. ರಿಚರ್ಡ್ ಡೆವಾಲ್ ರಕ್ತಕ್ಕೆ ಆಮ್ಲಜನಕ ಬೆರೆಸುವ ಸರಳ ಯಂತ್ರ ಮಾಡಿದ ಮೇಲೆ ಅಪ್ಪ ಆ ಮೇಜಿನಿಂದ ಇಳಿದ. ಹೊರಗಿನ ಬೆಂಚಿಗೆ ಬಂದು ಕೂತ.

ವೆಲ್ಲೂರಿಗೆ ಹೋಗುವ ಕಾಲ

ಭಾರತದಲ್ಲಿ ಹೃದಯ ತೆರೆದು ಮಾಡುವ ಆಪರೇಷನ್ 1960ರ ದಶಕದ ಆರಂಭದಲ್ಲಿ ಶುರುವಾಯಿತು. ಅದರಲ್ಲಿ ಮುಂದಿದ್ದ ಜಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ನಮ್ಮ ಹಿರಿಯರ ಬಾಯಲ್ಲಿ ‘ವೆಲ್ಲೂರಿಗೆ ಕರಕೊಂಡು ಹೋದ್ರು’ ಎಂದರೆ ಕೊನೆಯ ಪ್ರಯತ್ನ ಎಂದೇ ಅರ್ಥ.

ಸಾಸಲಿನಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಕಾಟ್ಪಾಡಿಗೆ ರೈಲು. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಊರು. ದುಡ್ಡಿಗೆ ಹೊಲ, ಒಡವೆ, ದನ. ಯಾವುದೂ ಒಂದೇ ದಿನದಲ್ಲಿ ದುಡ್ಡಾಗುವುದಿಲ್ಲ. ಗಿರಾಕಿ ಸಿಗಬೇಕು, ಅಣ್ಣತಮ್ಮಂದಿರು ಒಪ್ಪಬೇಕು, ಪತ್ರಕ್ಕೆ ಸಹಿ ಬೀಳಬೇಕು.

ಇಲ್ಲೊಂದು ವಿಷಯ ತಿಳಿದಿರಬೇಕು. ಸಣ್ಣ ತೂತು ಎಷ್ಟೋ ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ತೂತು ಹಾಗಲ್ಲ. ಅದರಿಂದ ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತಲೇ ಇರುತ್ತದೆ. ವರ್ಷಗಟ್ಟಲೆ ನುಗ್ಗಿದರೆ ಅಲ್ಲಿನ ರಕ್ತನಾಳಗಳು ಗಟ್ಟಿಯಾಗುತ್ತವೆ. ಒಂದು ಹಂತ ದಾಟಿದ ಮೇಲೆ ತೂತು ಮುಚ್ಚಿದರೇ ಅಪಾಯ ಎಂದು ಡಾಕ್ಟರು ಕೈ ಚೆಲ್ಲುತ್ತಾರೆ. ಅಂದರೆ ಮನೆಯವರು ದುಡ್ಡು ಹೊಂದಿಸಲು ತೆಗೆದುಕೊಂಡ ಎರಡು ಮೂರು ವರ್ಷ ಮಗುವಿನ ಆಯಸ್ಸಿನ ಲೆಕ್ಕದಿಂದಲೇ ಹೋಗುತ್ತಿತ್ತು. ದುಡ್ಡು ಬೇಗ ಸಿಗುವುದೂ ಈ ಕಾಯಿಲೆಗೆ ಒಂದು ಔಷಧಿ.

1972ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಶುರುವಾಯಿತು. ಜಯದೇವ ಹಾಸ್ಟೆಲ್‌ನವರು ಕೊಟ್ಟ ದೇಣಿಗೆ ಅದರ ಹಿಂದಿತ್ತು. ಹೃದಯಕ್ಕೆಂದೇ ಒಂದು ಸರ್ಕಾರಿ ಬಾಗಿಲು ನಮ್ಮ ರಾಜ್ಯದಲ್ಲೇ ತೆರೆಯಿತು. ದಾರಿ ಹತ್ತಿರವಾಯಿತು, ಭಾಷೆ ನಮ್ಮದಾಯಿತು.

ಬಿಲ್ಲಿಲ್ಲದ ಆಸ್ಪತ್ರೆ

1991ರ ನವೆಂಬರ್ 22ರಂದು ಪುಟ್ಟಪರ್ತಿಯಲ್ಲಿ ಸತ್ಯಸಾಯಿ ಟ್ರಸ್ಟಿನ ದೊಡ್ಡ ಆಸ್ಪತ್ರೆ ಉದ್ಘಾಟನೆಯಾಯಿತು. ಹೃದಯದ ಆಪರೇಷನ್ನಿಗೂ ಅಲ್ಲಿ ದುಡ್ಡು ಕೇಳುತ್ತಿರಲಿಲ್ಲ. ಆಂಧ್ರದ ಊರಾದರೂ ಅದು ನಮಗೆ ದೂರದ್ದಲ್ಲ. ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ದಾಟಿ ಹೋಗುವ ರೈಲು ದಾರಿಯ ಕಡೆಯದೇ. 2001ರ ಜನವರಿಯಲ್ಲಿ ಅದೇ ಟ್ರಸ್ಟಿನ ಇನ್ನೊಂದು ಆಸ್ಪತ್ರೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಶುರುವಾಯಿತು. ಅದೇ ವರ್ಷ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ತೆರೆಯಿತು.

ಬಿಟ್ಟಿ ಸಿಗುವ ಕಡೆ ಸರದಿ ಉದ್ದವಿರುತ್ತದೆ. ಆದರೂ ಹೊಲ ಮಾರದೆ ಮಗುವಿನ ಹೃದಯ ರಿಪೇರಿ ಮಾಡಿಸಬಹುದು ಎಂಬುದನ್ನು ಹಳ್ಳಿಯವರು ಮೊದಲು ಕಣ್ಣಾರೆ ಕಂಡದ್ದು ಇಂಥ ಕಡೆ. ಅದು ದಾನ. ದಾನಕ್ಕೆ ಕೈ ಮುಗಿಯಬಹುದು, ಹಕ್ಕಿನಿಂದ ಕೇಳಲಾಗದು.

ಡೈರಿಯಲ್ಲಿ ಕಟ್ಟಿದ 60 ರೂಪಾಯಿ

2003ರ ಜುಲೈನಲ್ಲಿ ದೇಶದ ಟಿವಿಗಳೆಲ್ಲ ಒಂದು ಮಗುವಿನ ಹಿಂದೆ ಓಡಿದವು. ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಓಡಾಡಲು ಶುರುವಾಗಿತ್ತು. ಅದರಲ್ಲಿ ಪಾಕಿಸ್ತಾನದ ಎರಡೂವರೆ ವರ್ಷದ ಹೆಣ್ಣುಮಗುವನ್ನು ಅಪ್ಪ ಅಮ್ಮ ಭಾರತಕ್ಕೆ ಕರೆತಂದರು. ಹೃದಯದಲ್ಲಿ ತೂತು. ಆಪರೇಷನ್ ನಡೆದದ್ದು ನಾರಾಯಣ ಹೃದಯಾಲಯದಲ್ಲಿ. ಇಡೀ ದೇಶ ಹರಸಿತು, ಮಗು ಗುಣವಾಯಿತು.

ಅದಕ್ಕೆ ಒಂದು ತಿಂಗಳು ಮುಂಚೆ ಜೂನ್ 1ರಿಂದ ಕರ್ನಾಟಕದಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಅದರ ಹಿಂದೆ ಕ್ಯಾಮೆರಾಗಳು ಅಷ್ಟಾಗಿ ಓಡಲಿಲ್ಲ. ಅದೇ ಯಶಸ್ವಿನಿ. 2002ರ ನವೆಂಬರ್ 14ರಂದು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಇದಕ್ಕೆ ಚಾಲನೆ ಸಿಕ್ಕಿತ್ತು. ಯೋಚನೆಯ ಹಿಂದೆ ದೇವಿ ಶೆಟ್ಟಿಯವರಿದ್ದರು, ನಡೆಸಲು ಸಹಕಾರ ಇಲಾಖೆಯಿತ್ತು.

ಲೆಕ್ಕ ನಮ್ಮ ಚೀಟಿ ಲೆಕ್ಕದಷ್ಟೇ ಸರಳ. ಹಾಲಿನ ಡೈರಿ, ಸೊಸೈಟಿಯಂಥ ಸಹಕಾರ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕು. ತಿಂಗಳಿಗೆ ಐದೇ ರೂಪಾಯಿ. ಸರ್ಕಾರವೂ ಒಂದಿಷ್ಟು ಹಾಕುತ್ತದೆ. ಆಪರೇಷನ್ ಬೇಕಾದವರಿಗೆ ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ದುಡ್ಡು ಕಟ್ಟದೆ ಆಗುತ್ತದೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಇಲ್ಲಿ ಚರಿತ್ರೆ ಒಂದು ತಿರುವು ತೆಗೆದುಕೊಂಡಿತು. ಸುದ್ದಿಯಾದ ಮಗುವಿಗೆ ಸಹಾಯ ಬರುತ್ತದೆ, ಬರಲೂ ಬೇಕು. ಸುದ್ದಿಯಾಗದ ಮಗುವಿಗೆ ಯಾರು? ಬೆಳಿಗ್ಗೆ ಕ್ಯಾನು ಹಿಡಿದು ಡೈರಿ ಮುಂದೆ ನಿಲ್ಲುವ ಜನ ತಮ್ಮ ಐದು ರೂಪಾಯಿಯಿಂದ ಅದಕ್ಕೆ ಉತ್ತರ ಕೊಟ್ಟರು. ಎಲ್ಲೋ ಬೇರೆ ಜಿಲ್ಲೆಯ, ಮುಖ ನೋಡದ ಮಗುವಿನ ಆಪರೇಷನ್ನಿಗೆ ನಮ್ಮ ಕಡೆಯ ಹಾಲಿನ ದುಡ್ಡೂ ಸೇರಿತು. 1954ರಲ್ಲಿ ಒಬ್ಬ ಅಪ್ಪ ಹೊತ್ತ ಭಾರ ಲಕ್ಷಾಂತರ ಹೆಗಲುಗಳ ಮೇಲೆ ಹಂಚಿಹೋಯಿತು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. 2022ರ ಕೊನೆಯಲ್ಲಿ ನೋಂದಣಿ ಮತ್ತೆ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ಎಂದು ಗೊತ್ತುಮಾಡಿದರು.

ಕಾರ್ಡಿನ ಕಾಲ

ದನವೂ ಇಲ್ಲದ, ಸೊಸೈಟಿಯಲ್ಲಿ ಹೆಸರೂ ಇಲ್ಲದ ಕೂಲಿಯವರಿಗೆ? ಅವರಿಗಾಗಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಮೊದಲು ಕಲಬುರಗಿ ವಿಭಾಗ, ಆಮೇಲೆ ಬೆಳಗಾವಿ ವಿಭಾಗ, 2012ರಲ್ಲಿ ನಮ್ಮ ಬೆಂಗಳೂರು ವಿಭಾಗ. ಬಿಪಿಎಲ್ ಕಾರ್ಡಿದ್ದರೆ ಹೃದಯ, ಕ್ಯಾನ್ಸರ್, ನರ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗೆ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷ, ಸಾಲದಿದ್ದರೆ ಇನ್ನೂ 50 ಸಾವಿರ.

ಇದರಿಂದ ನಿಜವಾಗಿ ಜೀವ ಉಳಿಯಿತೇ? ಯೋಜನೆ ಉತ್ತರದಲ್ಲಿ ಬಂದು ದಕ್ಷಿಣಕ್ಕೆ ಇನ್ನೂ ಬಂದಿರದಾಗ, ಎರಡರ ಗಡಿಯ ಆಚೀಚೆ ಇರುವ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆಯಿತ್ತು. ಆಸ್ಪತ್ರೆಗೆ ಕೈಯಿಂದ ಹಾಕುವ ದುಡ್ಡು ಶೇ 34ರಷ್ಟು ಕಡಿಮೆಯಿತ್ತು. ಎರಡು ಹಳ್ಳಿಯ ಮಣ್ಣು ಒಂದೇ, ಮಾತು ಒಂದೇ. ನಡುವೆ ಒಂದು ಗೆರೆ. ಗೆರೆಯ ಈಚೆ ಹುಟ್ಟಿದ್ದರೆ ಒಂದು ಹಣೆಬರಹ, ಆಚೆ ಹುಟ್ಟಿದ್ದರೆ ಇನ್ನೊಂದು. ಹಣೆಬರಹ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಸರ್ಕಾರಿ ಆದೇಶದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2018ರಿಂದ ಇದೆಲ್ಲ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಗೊತ್ತುಮಾಡಿದ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ಮಿತಿ ಒಂದೂವರೆ ಲಕ್ಷ.

ಸ್ಟೆತಸ್ಕೋಪು ಅಂಗನವಾಡಿಗೆ ಬಂತು

ದುಡ್ಡಿದ್ದೂ ಕಾಯಿಲೆ ಗೊತ್ತಾಗದಿದ್ದರೆ? 2013ರ ಫೆಬ್ರವರಿಯಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹೆರಿಗೆಯಾದ ಆಸ್ಪತ್ರೆಯಲ್ಲಿ ಒಮ್ಮೆ, ಆರು ವಾರದವರೆಗೆ ಮನೆಗೆ ಬರುವ ಆಶಾ ಅವರಿಂದ, ಆಮೇಲೆ ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯಲ್ಲಿ ವರ್ಷಕ್ಕೊಮ್ಮೆ ತಪಾಸಣೆ. ಹುಟ್ಟಿನಿಂದ 18 ವರ್ಷದವರೆಗೆ ನೋಡುವ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟು ಹೃದ್ರೋಗವೂ ಇದೆ. ಲೋಕದ ಲೆಕ್ಕದಲ್ಲಿ ಸಾವಿರ ಮಕ್ಕಳು ಹುಟ್ಟಿದರೆ ಎಂಟು ಒಂಬತ್ತು ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೂ ದೋಷವಿರುತ್ತದೆ.

ತಪಾಸಣೆಯ ದಿನ ಮಗುವನ್ನು ಅಂಗನವಾಡಿಗೆ ಕಳಿಸದೆ ಸಂತೆಗೆ ಕರೆದೊಯ್ದರೆ ಇಷ್ಟೆಲ್ಲ ಚರಿತ್ರೆ ಆ ಮನೆಯ ಬಾಗಿಲ ಹೊರಗೇ ನಿಲ್ಲುತ್ತದೆ.

ಯಾವ ಕಾರ್ಡಿಗೂ ಸೇರದ ಭಾರ

ಇಷ್ಟಾದರೂ ಎಲ್ಲ ಭಾರ ಇಳಿದಿಲ್ಲ. ಆಪರೇಷನ್ ಬಿಲ್ಲು ಕಾರ್ಡಿಗೆ ಹೋದರೂ ಅಪ್ಪನ ಮಗ್ಗ ಹದಿನೈದು ದಿನ ನಿಲ್ಲುತ್ತದೆ. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದರೆ ಸೊಪ್ಪು ಹಾಕುವವರಿಲ್ಲ. ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗುವಿಗೆ ಅಜ್ಜಿಯೇ ದಿಕ್ಕು. ಆಸ್ಪತ್ರೆಯಲ್ಲಿ ಒಬ್ಬರೇ ಇರಬೇಕು ಎನ್ನುತ್ತಾರೆ, ಇನ್ನೊಬ್ಬರು ಹೊರಗೆ ಎಲ್ಲಿ ಮಲಗುವುದು? ಕಫ ಕಟ್ಟಿದೆ, ತೂಕ ಸಾಲದು ಎಂದು ಡೇಟು ಮುಂದೆ ಹೋದರೆ ಮತ್ತೆ ಬಸ್ ಚಾರ್ಜು, ಮತ್ತೆ ರಜೆ.

ಊರಿಗೆ ಬಂದ ಮೇಲೂ ಕೆಲಸವಿದೆ. ಎದೆಯ ಮೂಳೆ ಕೂಡುವ ತನಕ, ಸುಮಾರು ಆರು ವಾರ, ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು. ಬೆನ್ನು ಮತ್ತು ಕುಂಡಿಯ ಕೆಳಗೆ ಕೈ ಕೊಟ್ಟು ಎತ್ತಬೇಕು. ಇದು ನೋಡಲು ಬಂದ ನೆಂಟರಿಗೂ ಗೊತ್ತಿರಬೇಕು. ಜ್ವರ ಬಂದರೆ ಮೆಡಿಕಲ್ ಸ್ಟೋರ್ ಮಾತ್ರೆಯಲ್ಲಿ ತಳ್ಳಬಾರದು. ಹಲ್ಲು ಹುಳುಕಾಗದಂತೆ ನೋಡಿಕೊಳ್ಳಬೇಕು, ಯಾಕೆಂದರೆ ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ಹತ್ತಬಹುದು. ಬರೆದುಕೊಟ್ಟ ತಾರೀಖಿಗೆ ತೋರಿಸಲು ಹೋಗಲೇಬೇಕು, ಮಗು ಓಡಾಡುತ್ತಿದ್ದರೂ.

ಈ ಭಾರಕ್ಕೆ ಊರೇ ಹೆಗಲು ಕೊಡಬೇಕು. ಕೊಡುವುದನ್ನು ನಾವು ನೋಡಿದ್ದೇವೆ ಕೂಡ. ರಕ್ತ ಬೇಕೆಂದು ಫೋನ್ ಬಂದರೆ ಹುಡುಗರು ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೊರಡುತ್ತಾರೆ. ಅಂದು ಒಬ್ಬ ಅಪ್ಪನ ಮೈಯಿಂದಲೇ ಹರಿದ ರಕ್ತ ಇಂದು ಊರಿನ ನಾಲ್ಕಾರು ಹುಡುಗರ ತೋಳಿನಿಂದ ಬರುತ್ತಿದೆ. ಹಾಗೆಯೇ ಆ ಮನೆಯ ಹಸುವಿನ ಹಾಲು ಕರೆದು ಡೈರಿಗೆ ಹಾಕಲು, ಹುಳಕ್ಕೆ ಸೊಪ್ಪು ಕೊಯ್ದು ಹಾಕಲು ಯಾರಾದರೂ ನಿಂತರೆ ಅಪ್ಪ ಅಮ್ಮ ಆ ಬೆಂಚಿನ ಮೇಲೆ ಸ್ವಲ್ಪ ನಿಶ್ಚಿಂತೆಯಿಂದ ಕೂರಬಹುದು.

ಯಶಸ್ವಿನಿ ನೋಂದಣಿಗೆ ಪ್ರತಿ ವರ್ಷ ಒಂದು ಕೊನೆಯ ತಾರೀಖು ಇರುತ್ತದೆ. ನಿಮ್ಮ ಡೈರಿಯ ಕಾರ್ಯದರ್ಶಿಯವರನ್ನು ಕೇಳಿ. ಮನೆಯ ಎಲ್ಲರ ಹೆಸರೂ ಇದೆಯೇ, ಹೊಸದಾಗಿ ಹುಟ್ಟಿದ ಮಗುವಿನದೂ ಸೇರಿದೆಯೇ ನೋಡಿ. ರೇಷನ್ ಕಾರ್ಡಿಗೂ ಮಗುವಿನ ಹೆಸರು ಹತ್ತಿಸಿ. ಕಾಯಿಲೆ ಗೊತ್ತಾದ ಮೇಲೆ ಕಾಗದಕ್ಕೆ ಅಲೆಯುವ ಒಂದೊಂದು ವಾರವೂ ಮಗುವಿನದು.